ಹದಿನೆಂಟು ಅಡಿ ಇಳಿಜಾರು

ಜೂನ್ 3, ಬೆಳಿಗ್ಗೆ 6
ಟೇಪು ಹಿಡಿದು ಮತ್ತೆ ಅಳೆದೆ. ಬಚ್ಚಲ ಬಾಗಿಲು ಇಪ್ಪತ್ತನಾಲ್ಕು ಇಂಚು. ವೀಲ್‌ಚೇರು ಇಪ್ಪತ್ತಾರು. ಎಷ್ಟು ಸಲ ಅಳೆದರೂ ಅಷ್ಟೇ. ಮುಂಬಾಗಿಲಿಗೆ ಮೂರು ಮೆಟ್ಟಿಲು, ಒಂದೂವರೆ ಅಡಿ ಎತ್ತರ. ಇವರು ಮೈಸೂರಿನ ಆಸ್ಪತ್ರೆಯಿಂದ ಇನ್ನು ಹದಿನೈದು ದಿನಕ್ಕೆ ಬರುತ್ತಾರೆ. ಬಿಳಿಕೆರೆ ಹತ್ತಿರ ಇವರು ಓಡಿಸುತ್ತಿದ್ದ ಬಸ್ಸು ಪಲ್ಟಿ ಹೊಡೆದ ದಿನದಿಂದ ಸೊಂಟದ ಕೆಳಗೆ ಸ್ಪರ್ಶವಿಲ್ಲ. ಇನ್ನು ಬರುವುದೂ ಇಲ್ಲ — ಡಾಕ್ಟರು ಹೇಳಿದ್ದು ನನಗೆ ಮಾತ್ರ. ಇವರಿಗೆ ನಾನೇ ಹೇಳುತ್ತೇನೆ ಎಂದು ಒಪ್ಪಿಕೊಂಡು ಬಂದೆ.
ಹೇಳಿಲ್ಲ.

ಜೂನ್ 4
ಗಾರೆ ಕೆಲಸದ ಜಾನ್ ಪಾಷಾ ಹುಣಸೂರಿನಿಂದ ಬಂದು ನೋಡಿದರು. ಮೆಟ್ಟಿಲ ಮೇಲೆ ನೇರ ಇಳಿಜಾರು ಹಾಕಿಬಿಡಿ ಎಂದೆ.
“ಆಗಲ್ಲಕ್ಕಾ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು. ನಿಮ್ಗೆ ಹದಿನೆಂಟಾಯ್ತು. ರಸ್ತೆಗೆ ಇರೋದೇ ಹನ್ನೊಂದು. ಕಡಿದಾಗಿ ಹಾಕುದ್ರೆ ಚೇರು ಜಾರ್ಕಂಡು ರೋಡಿಗೇ ಹೋಯ್ತದೆ.”
ಗೋಡೆ ಉದ್ದಕ್ಕೂ ತರಬೇಕು. ಅಂದರೆ ಜಗಲಿ ಒಡೆಯಬೇಕು. ಬಚ್ಚಲ ಬಾಗಿಲು ಮೂರಡಿ ಮಾಡಲು ಮೇಲಿನ ಇಟ್ಟಿಗೆ ಹೊರುವ ಲಿಂಟಲ್ಲೂ ಬದಲಾಗಬೇಕು. ಬರೀ ಗೋಡೆ ಕೊರೆದರೆ ಮೇಲಿನ ಇಟ್ಟಿಗೆ ತಲೆಗೇ ಬರುತ್ತದಂತೆ.

ಜೂನ್ 5
ಅತ್ತೆ ಸಾಕಮ್ಮ ಜಗಲಿ ಮೇಲೆ ಕೂತುಬಿಟ್ಟಿದ್ದಾರೆ. ಏಳುವುದಿಲ್ಲ.
“ನನ್ ಮಗ ನಡ್ಕಂಡು ಬತ್ತಾನೆ ಕಣವ್ವ. ಅವ್ನು ಬರೋಕ್ ಮುಂಚೇನೇ ಕುಂಟನ್ ಮಾಡ್ಬುಡ್ತೀಯಾ?”
ಡಾಕ್ಟರ ಮಾತು ಅತ್ತೆಗೂ ಹೇಳಿಲ್ಲ. ಪಾಷಾ ಹಾರೆ ಕೆಳಗಿಟ್ಟು ಹೊರಟುಹೋದರು.

ಜೂನ್ 9, ಮಧ್ಯಾಹ್ನ
ಆಸ್ಪತ್ರೆಯಿಂದ ಫೋನು. ಹಾಸಿಗೆ ಬೇಕಂತೆ, ಹದಿನಾಲ್ಕಕ್ಕೇ ಡಿಸ್ಚಾರ್ಜ್. ಕಾಂಕ್ರೀಟಿಗೆ ಏಳು ದಿನ ನೀರು ಉಣಿಸಬೇಕು — ಇರುವುದೇ ಐದು!
ಅತ್ತೆಗೆ ಹೇಳಿಬಿಟ್ಟೆ. ಡಾಕ್ಟರ ಮಾತು, ಒಂದಕ್ಷರ ಬಿಡದೆ. ಅವರು ಅಳಲಿಲ್ಲ. ಎದ್ದರು. ಜಗಲಿ ಮೇಲಿನ ಚಾಪೆ ಸುತ್ತಿಕೊಂಡು ಒಳಗೆ ಹೋದರು. ಸಂಜೆಯೇ ಪಾಷಾ ಬಂದರು, ಜಗಲಿಗೆ ಹಾರೆ ಬಿತ್ತು.

ಜೂನ್ 13
ಇಳಿಜಾರು ಇನ್ನೂ ಹಸಿ. ಗೋಣಿಚೀಲ ಹಾಸಿ ನೀರು ಹಾಕುತ್ತಲೇ ಇದ್ದೇವೆ, ಅತ್ತೆ, ನಾನು. ಹೊಸ ಕಮೋಡು ಕೂತಿದೆ. ಬಚ್ಚಲಿಗೆ ಬಾಗಿಲಿಲ್ಲ, ಸೀರೆ ಕಟ್ಟಿದೆ.
ಫೋನಿನಲ್ಲಿ ಇವರು: “ಮನೇಲಿ ಏನೂ ಮಾಡಿಸ್ಬ್ಯಾಡ. ಎರಡು ತಿಂಗ್ಳಲ್ಲಿ ಡ್ಯೂಟಿಗೆ ಹೋಯ್ತೀನಿ.”
ಹೂಂ ಅಂದೆ.

ಜೂನ್ 14, ಸಂಜೆ
ಆಂಬುಲೆನ್ಸು ನಿಂತಿತು. ಸಿಮೆಂಟು ಒಡೆದೀತೆಂದು ಪಾಷಾ ಹಲಗೆ ಹಾಸಿದ್ದರು. ಇವರು ಇಳಿಜಾರು ನೋಡಿದರು. ಜಗಲಿ ಇದ್ದ ಜಾಗ ನೋಡಿದರು. ಆಮೇಲೆ ನನ್ನ ಮುಖ.
“ಯಾವಾಗ್ಲಿಂದ ಗೊತ್ತಿತ್ತು ನಿಂಗೆ?”
“ಮೇ ಇಪ್ಪತ್ತೆರಡರಿಂದ.”
ಒಳಗೆ ತಂದಾಗಿನಿಂದ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ.

ಜೂನ್ 18
ನಾಲ್ಕು ದಿನ. ಅತ್ತೆ ಕೊಟ್ಟರೆ ಮಾತ್ರ ಊಟ. ಚೇರು ತಂದರೆ ಕಣ್ಣು ಮುಚ್ಚುತ್ತಾರೆ. ಹಾಸಿಗೆಯಲ್ಲೇ ಎಲ್ಲ. ಒಡೆದದ್ದು ಮನೆಯನ್ನೋ, ಇವರನ್ನೋ... ಗೊತ್ತಾಗುತ್ತಿಲ್ಲ. ಸಾಕಾಗಿದೆ.

ಜೂನ್ 21
ಬೆಳಿಗ್ಗೆ ತಾವೇ ಚೇರು ಕೇಳಿದರು. ಬಚ್ಚಲ ಬಾಗಿಲು ದಾಟಿತು. ಒಳಗೆ ಹೋಗಿ ಸಿಕ್ಕಿಕೊಂಡಿತು. ಕಮೋಡಿಗೂ ಗೋಡೆಗೂ ನಡುವೆ ತಿರುಗಲು ಜಾಗವಿಲ್ಲ. ಬಾಗಿಲು ಅಳೆದಿದ್ದೆ, ಒಳಗೆ ಅಳೆದಿರಲಿಲ್ಲ. ಹಿಂದಕ್ಕೆ ಎಳೆದೆ, ಬರಲಿಲ್ಲ. ಒದ್ದೆ ನೆಲದ ಮೇಲೇ ಕೂತು ಅತ್ತುಬಿಟ್ಟೆ. ಜೋರಾಗಿ. ತಡೆಯಲು ಆಗಲೇ ಇಲ್ಲ.
ಚೇರಿನಿಂದ ಇವರ ದನಿ.
“ತಿರುಗ್ಸೋಕೆ ಐದಡಿ ಬೇಕು ಕಣೆ, ಆಸ್ಪತ್ರೇಲಿ ನೋಡಿವ್ನಿ. ನನ್ನ ಒಂದ್ ಮಾತು ಕೇಳಿದ್ರೆ ಹೇಳ್ತಿದ್ದೆ.”
“ಕೇಳ್ಬೇಕಿತ್ತು ರೀ. ಎಲ್ಲಾನೂ.”
ಆಮೇಲೆ, “ಪಾಷಾಣ್ಣನ್ನ ಕರ್ಸು.”
ಅತ್ತೆಯನ್ನು ಕರೆದು ಇಬ್ಬರೂ ಸೇರಿ ಚೇರು ಹೊರಗೆಳೆದೆವು.

ಜೂನ್ 22, ಬೆಳಿಗ್ಗೆ 10
ಪಾಷಾ ಬಂದಿದ್ದಾರೆ. ಕಮೋಡು ಮೂಲೆಗೆ, ಹಿಡಿಕೆ ಬಲಗಡೆ. ಎಷ್ಟು ಎತ್ತರಕ್ಕೆ ಬೇಕೆಂದು ಇವರೇ ಕೈ ಚಾಚಿ ತೋರಿಸುತ್ತಿದ್ದಾರೆ. ಗೋಡೆಗೆ ಗುರುತು ಹಾಕಲು ಏನೂ ಸಿಗುತ್ತಿಲ್ಲವಂತೆ. “ಸೌಂದರ್ಯಾ, ಒಂದ್ ಪೆನ್ ಕೊಡೆ” — ಹೆಸರು ಹಿಡಿದು ಕೂಗುತ್ತಿದ್ದಾರೆ. ಬರೆಯುತ್ತಿರುವ ಈ ಪೆನ್ನನ್ನೇ ಕೊಟ್ಟು —