ಪಂಜಿನಮ್ಮ ಯಾರ ಕಣ್ಣಿಗೆ ಬಿದ್ದಳು

4 ನವೆಂಬರ್ 2012, ಭಾನುವಾರ

ಅರ್ಧ ಬಟ್ಟೆ ಒಣಹಾಕಿದ್ದೆ. ಅಷ್ಟರಲ್ಲಿ ಗೇಟಿನ ಮುಂದೆ ಟೀವಿ ಚಾನೆಲ್‌ನ ವ್ಯಾನ್. ನಮ್ಮ ಯಜಮಾನರು, ದೇವರಾಜ್, ಒಂದು ಮಾತೂ ಹೇಳಿರಲಿಲ್ಲ. ಇವರ ಹಾರ್ಡ್‌ವೇರ್ ಅಂಗಡಿಗೆ ಬರುವ ಯಾರೋ ಆ ಚಾನೆಲ್‌ನಲ್ಲಿದ್ದಾನಂತೆ. ಬೇಗೂರು ಕೆರೆ ಏರಿಯ ಮೇಲಿರುವ ಪಂಜಿನಮ್ಮನ ಕಲ್ಲಿನ ಬಗ್ಗೆ ಕಾರ್ಯಕ್ರಮವಂತೆ.

"ಅಮ್ಮ ಟೀವಿಲಿ ಬರ್ತಾಳೆ ಕಣೇ. ನಿಂದೇನ್ ಗಂಟು ಹೋಗುತ್ತೆ?" ಅಂದರು ಇವರು.

ಅತ್ತೆ ರೇಷ್ಮೆ ಸೀರೆ ಉಟ್ಟರು. ಕಲ್ಲಿನ ಪಕ್ಕ ಕೂತು ಕಥೆ ಹೇಳಿದರು. ನಾನು ಈ ಮನೆಗೆ ಬಂದಾಗಿನಿಂದ ಕೇಳಿರುವ ಕಥೆಯೇ. ಹಿಂದೆ ಯಾವುದೋ ಕಾಲದಲ್ಲಿ ಕೆರೆ ಏರಿ ಒಡೆಯುವ ಹಾಗಾಯಿತು. ಆಗ ಆಕಾಶದಿಂದ ಉರಿಯುವ ಚಕ್ರದ ಮೇಲೆ, ಪಂಜು ಹಿಡಿದು ಒಬ್ಬಳು ಬಂದಳು. ನೀರಿನ ಮೇಲೆ ನಿಂತಳು. ಆ ಬೆಳಕಿನಲ್ಲಿ ಊರವರು ಏರಿಗೆ ಮಣ್ಣು ತುಂಬಿದರು. ಆಮೇಲೆ ಮೂಡಲ ಕಡೆ ಹೊರಟುಹೋದಳು. ಅವಳ ಗುರುತಿಗೆ ಈ ಕಲ್ಲು. ಅತ್ತೆ ದಿನಾ ಸಂಜೆ ಅಲ್ಲಿ ದೀಪ ಹಚ್ಚುತ್ತಾರೆ.

ಕೊನೆಗೆ ಮೈಕ್ ಹಿಡಿದ ಹುಡುಗಿಗೆ ಒಂದು ಮಾತು ಹೇಳಿದರು. ನಾನು ಎಂದೂ ಕೇಳಿರದ ಮಾತು.

"ನಾನೂ ಕಂಡಿವ್ನಿ. ಮದ್ವೆಯಾಗಿ ಬಂದ ವರ್ಸ."

ದಾರಿಯಲ್ಲಿ ಕೇಳಿದೆ. "ಅದೆಲ್ಲಾ ಈಗ್ಯಾಕೆ" ಅಂದರು.

11 ನವೆಂಬರ್, ಭಾನುವಾರ

ಮೈ ಉರಿಯುತ್ತಿದೆ.

ಕಾರ್ಯಕ್ರಮದ ಹೆಸರು — ಬೇಗೂರಿಗೆ ಬಂದಿದ್ದರಾ ಏಲಿಯನ್‌ಗಳು! ಸೈರನ್ ಸದ್ದು. ಕಲ್ಲಿನ ಸುತ್ತ ಕೆಂಪು ವೃತ್ತ. ಅತ್ತೆಯ ಕಥೆಯಲ್ಲಿ ಏರಿ ಇಲ್ಲ, ಮಣ್ಣು ತುಂಬಿದ ಜನ ಇಲ್ಲ. ಚಕ್ರ ಮಾತ್ರ ಇತ್ತು. ಚಕ್ರ ಅಂದರೆ ಹಾರುವ ತಟ್ಟೆಯಂತೆ. "ನಾನೂ ಕಂಡಿವ್ನಿ" ಅನ್ನುವುದನ್ನು ನಾಲ್ಕು ಸಲ ತೋರಿಸಿದರು. ಒಂದೊಂದು ಸಲವೂ ಪಕ್ಕದಲ್ಲಿ ದೊಡ್ಡ ಕಣ್ಣಿನ ಹಸಿರು ಪ್ರಾಣಿ. ಏಲಿಯನ್ ಕಂಡ ಅಜ್ಜಿ!

ಬ್ರೂಕ್‌ಫೀಲ್ಡಿನ ಒಬ್ಬ ಕೋಟಿನವನು. ಸಂಶೋಧಕನಂತೆ. ಎಲ್ಲ ಪುರಾಣಗಳಲ್ಲೂ ಆಕಾಶದಿಂದ ರಥ ಇಳಿಯುತ್ತದೆ, ನಮ್ಮ ಪೂರ್ವಜರಿಗೆ ಯಂತ್ರ ಅಂದರೇನು ಗೊತ್ತಿರಲಿಲ್ಲ, ಅದಕ್ಕೆ ದೇವರು ಅಂದರು — ಎಂದು ವಿವರಿಸಿದ. ಇವರು ಚಪ್ಪಾಳೆ ಹೊಡೆದರು. ಅಮ್ಮನ ಮುಖ ಟೀವಿಯಲ್ಲಿ ಬಂತಲ್ಲ, ಅಷ್ಟು ಸಾಕು ಇವರಿಗೆ.

ಅತ್ತೆ ಎದ್ದು ಹೋಗುವಾಗ ಕೇಳಿದರು, "ನಾ ಏಳಿದ್ದು ಎಲ್ಲೋಯ್ತು ವನಜಾ?"

ಎದ್ದು ಟೀವಿ ಆರಿಸಿದೆ.

15 ನವೆಂಬರ್

ಹಬ್ಬದ ರಜೆ ಮುಗಿಸಿ ಎಲೆಕ್ಟ್ರಾನಿಕ್ ಸಿಟಿಗೆ ಕಾಲಿಟ್ಟರೆ ಫ್ಯಾಕ್ಟರಿಯಲ್ಲಿ ಅದೇ ಮಾತು. ಕ್ಯಾಂಟೀನಿನಲ್ಲಿ ಯಾರೋ ಎರಡು ಚಮಚ ತಲೆಯ ಮೇಲೆ ಕೊಂಬಿನ ಹಾಗೆ ಹಿಡಿದ. ಎಲ್ಲ ಬಿದ್ದು ಬಿದ್ದು ನಕ್ಕರು. ನಮ್ಮ ಟೆಸ್ಟಿಂಗ್ ಸೆಕ್ಷನ್ನಿನ ಇಂಜಿನಿಯರ್ ಸಿದ್ರಾಮ ಮಾತ್ರ ನಗಲಿಲ್ಲ. ಒಳ್ಳೆಯವನು ಅಂದುಕೊಂಡೆ. ಊಟ ಮುಗಿಸಿ ಬಂದು, "ಅದು ಶುಕ್ರ ಗ್ರಹ ಇರಬೇಕ್ರಿ ಮೇಡಂ. ಇಲ್ಲಂದ್ರ ಕೆರಿ ಗ್ಯಾಸ್. ಹಳೀ ಮಂದಿಗೆ ಏನ್ ತಿಳೀತದ್ರಿ?" ಅಂದ.

"ಅವರು ಏನು ನೋಡಿದ್ರು ಅಂತ ನಿಮ್ಗೆ ಗೊತ್ತಾ?"

"ಇಲ್ರಿ."

"ಮತ್ತೆ ಶುಕ್ರ ಅಂತ ಹೇಗೆ ಗೊತ್ತಾಯ್ತು?"

ಅವನಿಗೆ ಬೇಜಾರಾಯಿತು. ಆಗಲಿ. ಒಂದು ಪಾರ್ಟ್ ಫೇಲ್ ಆದರೆ ಮೀಟರ್ ರೀಡಿಂಗ್ ತೋರಿಸಿ ಅನ್ನುತ್ತಾನೆ. ನಮ್ಮತ್ತೆಯ ವಿಷಯಕ್ಕೆ ರೀಡಿಂಗ್ ಬೇಡ.

18 ನವೆಂಬರ್, ಭಾನುವಾರ

ಏರಿಯ ಮೇಲೆ ಕಾರು, ಬೈಕು. ಹೊಸ ಅಪಾರ್ಟ್‌ಮೆಂಟಿನವರು, ಎಲ್ಲಿಂದಲೋ ಬಂದ ಕಾಲೇಜು ಹುಡುಗರು. ಕಲ್ಲಿನ ಮೇಲೆ ಕಾಲಿಟ್ಟು ಫೋಟೋ. ಒಬ್ಬ ಸುತ್ತಿಗೆಯಲ್ಲಿ ಮೂಲೆ ಒಡೆದ. ಲ್ಯಾಬಿಗೆ ಸ್ಯಾಂಪಲ್ ಅಂತೆ! ಕುಂಕುಮ ಹಚ್ಚಿದ ಕಲ್ಲು ಅನ್ನುವುದೂ ಕಾಣುವುದಿಲ್ಲವಾ? ಕೂಗಾಡಿದೆ. "ಆಂಟಿ, ಚಿಲ್" ಅಂದ.

ಕೋಟಿನವನೂ ಬಂದಿದ್ದ. ಕೈಯಲ್ಲಿ ಒಂದು ಯಂತ್ರ. ಕಲ್ಲಿನ ಹತ್ತಿರ ಕೀಂಯ್ ಅಂದಿತು. ಎಲ್ಲರೂ ಓಹೋ ಅಂದರು. ಆಮೇಲೆ ಮನೆಗೆ ಬಂದಾಗ ನಮ್ಮ ಬೋರ್‌ವೆಲ್ ಮೋಟರ್ ಹತ್ತಿರವೂ ಅಷ್ಟೇ ಜೋರಾಗಿ ಕೀಂಯ್ ಅಂದಿತು. ಅದಕ್ಕೆ ಯಾರೂ ಓಹೋ ಅನ್ನಲಿಲ್ಲ.

ಮನೆಯೊಳಗೆ ಬಂದು, ಕಾಫಿ ಕುಡಿದು, ಅತ್ತೆಗೇ ಪಾಠ ಹೇಳಿದ. "ಅಮ್ಮಾ, ಅದು ದೇವರಲ್ಲ, ವಾಹನ. ನಿಮ್ಮ ಹಿರಿಯರಿಗೆ ಅರ್ಥ ಆಗಲಿಲ್ಲ, ಅಷ್ಟೇ. ಈಗ ಭಯ ಪಡಬೇಡಿ."

"ನಾನ್ಯಾಕಪ್ಪ ಭಯ ಬೀಳ್ಲಿ?" ಅಂದರು ಅತ್ತೆ. ಲೋಟ ಎತ್ತಿಕೊಂಡು ಒಳಗೆ ಹೋದರು.

29 ನವೆಂಬರ್

ಬರೆಯಲು ಮನಸ್ಸೇ ಇರಲಿಲ್ಲ.

ಹಿಂದಿನ ರೂಮಿನಲ್ಲಿ ಬಾಡಿಗೆಗಿರುವ ಬಸಕ್ಕ ನೀರು ಹಿಡಿಯುವಾಗ ಕೇಳಿದಳು. "ಅಮ್ಮಾರ, ಅಜ್ಜಿ ಯಾಕ ದೀಪ ಹಚ್ಚಾಕ ಹೋಗವಲ್ರು? ಮೈಯಾಗ ಆರಾಮ ಐತಿಲ್ಲೋ?"

ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದವಳಿಗೆ ಕಾಣುತ್ತದೆ. ಹೆತ್ತ ಮಗನಿಗೆ ಕಾಣುವುದಿಲ್ಲ. ಅತ್ತೆ ಏರಿಯ ಕಡೆ ಹೋಗುವುದನ್ನೇ ಬಿಟ್ಟಿದ್ದಾರೆ. ಯಾರಾದರೂ ಮಾತಾಡಿಸಿದರೆ ಕಿವಿ ಕೇಳದವರ ಹಾಗೆ ಕೂರುತ್ತಾರೆ.

2 ಡಿಸೆಂಬರ್, ಭಾನುವಾರ, ಮಧ್ಯಾಹ್ನ

ಈಗಲೇ ಬರೆಯಬೇಕು.

ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಇವರು ಅಂಗಡಿಗೆ ಹೋಗಿದ್ದರು. ಕೇಳಿಯೇಬಿಟ್ಟೆ. "ಅತ್ತೆ, ದೇವರೋ ಏಲಿಯನ್ನೋ, ಅದೆಲ್ಲ ಬಿಡಿ. ನೀವು ಏನ್ ನೋಡಿದ್ರಿ?"

"ಇದ್ನ ಯಾರೂ ಕೇಳ್ಲೇ ಇಲ್ಲ ಕಣಮ್ಮ" ಅಂದರು.

ಮದುವೆಯಾದ ವರ್ಷ. ನಾದಿನಿ ಕಮಲಮ್ಮನ ಜೊತೆ ಹುಲ್ಲಿಗೆ ಹೋಗಿದ್ದರು. ಹೊತ್ತು ಮುಳುಗಿತ್ತು, ಬೆಳಕು ಇನ್ನೂ ಇತ್ತು.

"ಕೆರೆ ಮ್ಯಾಲೆ ನಿಂತಿತ್ತು. ಮೊರದಷ್ಟಗಲ. ಸದ್ದಿಲ್ಲ. ಉರೀತಾ ಅದೆ, ಬಿಸಿ ಇಲ್ಲ. ಅಷ್ಟು ಬೆಳಕು, ಕೆಳಗೆ ನೀರ್ನಾಗೆ ಅದು ಕಾಣ್ಲಿಲ್ಲ ಕಣೇ. ಅದ್ಕೇ ನಂಗೆ ಎದೆ ಒಡ್ಕಂಡಿದ್ದು. ಆಮ್ಯಾಕೆ ಸರ್ರಂತ ಓಯ್ತು."

ಇಬ್ಬರೂ ಓಡಿ ಬಂದು ಮನೆಯಲ್ಲಿ ಹೇಳಿದರು. ಅವರ ಮಾವ ಕೇಳಿದ ಮೊದಲ ಮಾತು — "ಹುಲ್ಲೆಲ್ಲಿ?"

ಎರಡನೆಯದು — "ಯಾರ್ ಜೊತೆ ಓಗಿದ್ರಿ?"

ಹಿತ್ತಲಲ್ಲಿ ನಿಲ್ಲಿಸಿ ಹುಣಸೆ ಬರಲಿನಲ್ಲಿ ಹೊಡೆದರು. ಕಮಲಮ್ಮ ಇನ್ನೂ ಹುಡುಗಿ. ತಡೆಯಲಾರದೆ, "ನಾನೇನೂ ನೋಡ್ಲಿಲ್ಲ, ಅತ್ತಿಗೆ ಇಂಗೇಳು ಅಂದ್ರು" ಅಂದಳು. ಅಲ್ಲಿಂದ ಅತ್ತೆ ಒಬ್ಬರೇ. ಕೊಳ್ಳಿದೆವ್ವ ಬಡಿದಿದೆ ಅಂದರು. ಯಾವನೋ ಮಂತ್ರವಾದಿ ಬಂದ. ಬಾಗಿಲು ಮುಚ್ಚಿ ಮೆಣಸಿನಕಾಯಿ ಹೊಗೆ ಹಾಕಿದ.

"ಆಮ್ಯಾಕೆ ನಂಗೆ ಬುದ್ಧಿ ಬಂತು. ಪಂಜಿನಮ್ಮನ್ನ ಕಂಡೆ ಅಂದೆ. ಅಷ್ಟೇಯ. ಒಡ್ದ ಮಾವನೇ ಬಂದು ಕಾಲಿಗೆ ಬಿದ್ದ."

"ಅಂದ್ರೆ ಅದು ಪಂಜಿನಮ್ಮ ಅಲ್ವಾ?"

"ಅವ್ಳು ಎಂಗವ್ಳೆ ಅಂತ ನಂಗೇನ್ ಗೊತ್ತು? ನಾ ಕಂಡಿದ್ದಕ್ಕೆ ಎಸ್ರಿಲ್ಲ ಕಣಮ್ಮ. ಎಸ್ರಿಲ್ಲ ಅಂದ್ರೆ ಒಡೀತಾರೆ."

ಬುಟ್ಟಿಯ ಕಾಯಿ ಮುಗಿದ ಮೇಲೆ ಅವರೇ ಶುರು ಮಾಡಿದರು.

"ಆ ಕಲ್ಲಿಗೆ ಯಾಕ್ ದೀಪ ಅಚ್ತಿದ್ದೆ ಗೊತ್ತಾ? ನನ್ಗಿಂತ ಮುಂಚೆ ಯಾವಳೋ ಒಬ್ಳು ಕಂಡಿರ್ತಾಳೆ. ಅವಳ್ಗೂ ಒಡ್ದಿರ್ತಾರೆ. ಅವಳೂ ಅಮ್ಮ ಬಂದ್ಲು ಅಂದು ತಪ್ಪಿಸ್ಕಂಡಿರ್ತಾಳೆ. ದೀಪ ಅವಳ್ಗೆ."

ಅದೇ ದಿನ, ಸಂಜೆ

ಹಳೆಯ ಕಥೆಗಳಲ್ಲಿ ಆಕಾಶದಿಂದ ಏನೇನೋ ಇಳಿಯುತ್ತದೆ. ಯಾರೋ ಏನನ್ನೋ ನಿಜವಾಗಿ ನೋಡಿರಬಹುದು. ಇಲ್ಲ ಅನ್ನುವ ಧೈರ್ಯ ನನಗೆ ಇವತ್ತು ಇಲ್ಲ. ಆದರೆ ಪೂರ್ವಜರಿಗೆ ಬುದ್ಧಿ ಇರಲಿಲ್ಲ, ಅದಕ್ಕೆ ದೇವರು ಅಂದರು ಅಂತೆ! ಬುದ್ಧಿ ಇದ್ದುದಕ್ಕೇ ದೇವರು ಅಂದರು. ಬೆನ್ನು ಉಳಿಸಿಕೊಳ್ಳಲು ಅಂದರು. ಕೋಟಿನವನಿಗೆ ಇದನ್ನು ಹೋಗಿ ಹೇಳಬೇಕು ಅನ್ನಿಸುತ್ತದೆ. ಹೇಳಿದರೆ ಅದನ್ನೂ ಸೈರನ್ ಹಾಕಿ ತೋರಿಸುತ್ತಾನೆ.

9 ಡಿಸೆಂಬರ್, ಭಾನುವಾರ

ಚಾನೆಲ್‌ನಿಂದ ಫೋನ್. ಇಪ್ಪತ್ತೊಂದಕ್ಕೆ ಪ್ರಪಂಚ ಮುಳುಗುತ್ತದೆ ಅನ್ನುವ ಗಲಾಟೆ ಇದೆಯಲ್ಲ, ಅವತ್ತು ಸ್ಪೆಷಲ್ ಲೈವ್. ಜ್ಯೋತಿಷಿ, ಕೋಟಿನವನು, ನಡುವೆ ನಮ್ಮ ಅತ್ತೆ. ದೇವರಾಜ್ ಆಗಲೇ ಹೂಂ ಅಂದಾಗಿದೆ. ಕಾರು ಎಷ್ಟು ಹೊತ್ತಿಗೆ ಕಳಿಸಲಿ ಅಂತ ಕೇಳಲು ಮಾಡಿದ್ದಂತೆ. ಸದ್ಯ, ಫೋನ್ ಎತ್ತಿದ್ದು ನಾನು.

"ಅಜ್ಜಿ ಒಂದೇ ಮಾತು ಹೇಳ್ಬೇಕು ಮೇಡಂ. ದೇವರಾ, ಏಲಿಯನ್ನಾ?"

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಪ್ರೋಗ್ರಾಂ ಆಗಲ್ವಲ್ಲ ಮೇಡಂ."

"ಹಾಗಾದ್ರೆ ಆಗೋದು ಬೇಡ" ಅಂದು ಇಟ್ಟೆ.

ಇವರು ಕೆಂಡವಾದರು. "ನಾನ್ ಮಾತು ಕೊಟ್ಟಿದೀನಿ. ಈ ಮನೇಲಿ ನನ್ ಮಾತಿಗೆ ಬೆಲೆ ಇಲ್ವಾ?"

"ನಿಮ್ಮಮ್ಮನ ಮಾತಿಗೆ ಈ ಮನೇಲಿ ಎಷ್ಟು ಬೆಲೆ ಇತ್ತು ಗೊತ್ತೇನ್ರೀ ನಿಮಗೆ?"

ಎಲ್ಲ ಹೇಳಿದೆ. ಹುಲ್ಲು, ಹುಣಸೆ ಬರಲು, ಹೊಗೆ. ಹೊಡೆದದ್ದು ನಿಮ್ಮ ತಾತ, ನಿಮ್ಮ ಸ್ಕೂಟರ್ ನಿಲ್ಲಿಸುತ್ತೀರಲ್ಲ, ಅಲ್ಲೇ — ಅಂದೆ. ನಂಬದೆ ಅಮ್ಮನ ಕಡೆ ತಿರುಗಿದರು. ಅತ್ತೆ ಅವರೆಕಾಳು ಇದುಕುತ್ತಲೇ ಇದ್ದರು. ತಲೆ ಎತ್ತಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

ಇವರು ಹಿತ್ತಲಿಗೆ ಹೋಗಿ ಸ್ಕೂಟರ್ ಹತ್ತಿರ ನಿಂತರು. ಆಮೇಲೆ ಫೋನಿನಲ್ಲಿ ಮಾತು ಕೇಳಿಸಿತು. "ಅಮ್ಮ ಬರಲ್ಲ ಗುರು. ... ಇಲ್ಲ, ಇನ್ನೊಂದ್ ಸಲ ಕೇಳ್ಬೇಡ. ಆ ಹಳೇದನ್ನೂ ಹಾಕ್ಬೇಡ."

ಹಳೆಯದನ್ನು ಹಾಕೇ ಹಾಕುತ್ತಾರೆ. ಇವರು ಕೇಳಿದರೆ ನಿಲ್ಲಿಸುತ್ತಾರಾ?

16 ಡಿಸೆಂಬರ್, ಭಾನುವಾರ

ಹಾಕಿದರು. ಮರುಪ್ರಸಾರ, ಅದೇ ಹಸಿರು ಪ್ರಾಣಿ. ಅದನ್ನು ಅತ್ತಿಬೆಲೆಯಲ್ಲಿ ಕಮಲಮ್ಮ ಚಿಕ್ಕತ್ತೆ ನೋಡಿದ್ದಾರೆ. ಇವತ್ತು ಊಟದ ಹೊತ್ತಿಗೆ ಬಸ್ಸಿನಲ್ಲಿ ಒಬ್ಬರೇ ಬಂದರು. ಹಬ್ಬ ಮದುವೆಗಷ್ಟೇ ಬರುವವರು. ಗೇಟಿನ ಹೊರಗೆ ನಿಂತುಬಿಟ್ಟರು, ಕರೆದರೂ ಒಳಗೆ ಬರಲಿಲ್ಲ. ಅತ್ತೆ ಸೆರಗು ಒರೆಸಿಕೊಳ್ಳುತ್ತಾ ಹೊರಗೆ ಹೋದರು.

"ಅತ್ತಿಗೆ, ನಾನೂ ಕಂಡಿದ್ದೆ."

"ಗೊತ್ತು ಕಣೇ. ಬಿಸ್ಲು, ಒಳಗ್ ಬಾ."

ಅಷ್ಟೇ. ಇಷ್ಟು ವರ್ಷಕ್ಕೆ ಅಷ್ಟೇ! ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಸತ್ತುಹೋದ ಆ ಮುದುಕನ ಮೇಲೇ ಇರಬೇಕು.

ಊಟ ಆಯಿತು. ಎಲೆ ಅಡಿಕೆ ಆಯಿತು. ಈಗ ಹಾಲ್‌ನಲ್ಲಿ ದೊಡ್ಡ ಜಗಳ. ಅತ್ತೆ ಮೊರದಷ್ಟಗಲ ಒಂದೇ ಅನ್ನುತ್ತಾರೆ. ಚಿಕ್ಕತ್ತೆ ಇಲ್ಲ, ಸಾಲಾಗಿ ಮೂರು ಅನ್ನುತ್ತಾರೆ. ಮೂಡಲಿಗೆ ಹೋಯಿತು ಅಂತ ಅತ್ತೆ, ಮೇಲಕ್ಕೆ ಹೋಯಿತು ಅಂತ ಚಿಕ್ಕತ್ತೆ. "ನೀನ್ ಕಣ್ ಮುಚ್ಕಂಡಿದ್ದೆ ಕಣೇ!" "ನೀವು ಬಿದ್ದಿದ್ರಿ ಅತ್ತಿಗೆ, ನಾನ್ ಎತ್ತಿದ್ದು!" ಇಷ್ಟು ಜೋರಾಗಿ ಅತ್ತೆ ಮಾತಾಡಿ ತಿಂಗಳಾಗಿತ್ತು. ದೇವರಾಜ್ ನಡುವೆ ಬಾಯಿ ಹಾಕಲು ಹೋಗಿ ಇಬ್ಬರಿಂದಲೂ ಬೈಸಿಕೊಂಡರು.

ಏರಿಗೇ ಹೋಗಿ ತೀರ್ಮಾನ ಮಾಡುತ್ತಾರಂತೆ. ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾರೆ. "ವನಜಾ, ಬಾರೇ, ನೀನೇ ನ್ಯಾಯ ಏಳು" ಅಂತ ಕೂಗು. ಯಾರ ಪರ ಹೇಳಲಿ? ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹೊರಡಬೇಕು. ಅಲ್ಲಿ ನಿಂತು ಇವರಿಬ್ಬರೂ ಕೈ ತೋರಿಸುವ ಕಡೆ ನಾನೂ ಒಂದು ಸಲ ನೋಡಬೇಕು.