ತಂಡಕ್ಕೊಂದು ಬಣ್ಣ

ಜೂನ್ 7, ಬೆಳಿಗ್ಗೆ 5.30
ಎದ್ದೆ. ಮುಖ ತೊಳೆದೆ. ಬಣ್ಣದ ಬ್ರಷ್ ನೆನೆಹಾಕಿದೆ. ಪರದೇಶಕ್ಕೆ ಬಂದರೂ ಕೈಗೆ ಅದೇ ಚಾಳಿ. ಪಕ್ಕದ ಮಂಚದಲ್ಲಿ ನಮ್ಮ ತಂಡದ ಲೆಕ್ಚರರ್ ಮೇಡಂ ಗೊರಕೆ. ಆಚೆ ರೂಮಿನಲ್ಲಿ ನಮ್ಮ ಪಾಸ್ಟರ್, ಹಲ್ಲಿನ ಡಾಕ್ಟರ್. ವಿಮಾನಕ್ಕೆ ಹೊಸಬಳು ನಾನೊಬ್ಬಳೇ. ಹದಿನೆಂಟು ವರ್ಷ ನಮ್ಮ ಚರ್ಚಿಗೆ ಬಿಟ್ಟಿ ಬಣ್ಣ ಹೊಡೆದೆ. ನಮ್ಮ ಕೂಲಿ ಬೀದಿಯಿಂದ ಪರದೇಶದ ಸೇವೆಗೆ ಹೋಗುವ ಮಿಷನ್ ಲಿಸ್ಟಿಗೆ ಹೆಸರು ಹತ್ತಿದ್ದು ಇದೇ ಮೊದಲು. ಅತ್ತೆ ಊರೆಲ್ಲ ಟಾಂಟಾಂ ಹೊಡೆದಿದ್ದಾಳೆ.

ಇಂದು ಇಲ್ಲಿನ ಚರ್ಚಿನ ಶಿಶುಕೇಂದ್ರದ ಹೊರಗೋಡೆಗೆ ಬಣ್ಣ. ಇವರಿಗೆ ಸೇವೆ. ನನಗೆ ದಿನನಿತ್ಯದ ಕೂಲಿ.

ಅದೇ ದಿನ, ಸಂಜೆ
ಮೂವರೂ ಹಳೇ ಬಣ್ಣದ ಮೇಲೇ ಬಳಿಯಲು ನಿಂತರು. ತಡೆಯಲಾಗಲಿಲ್ಲ.
"ಕೆರೆದು ಹೊಡೀಬೇಕು ಸಾರ್."
"ಟೈಮಿಲ್ಲಮ್ಮ. ಶನಿವಾರ ಫೋಟೋ ಇದೆ," ಎಂದರು ಪಾಸ್ಟರ್.
ಕೆರೆದೆ. ಹಳದಿ ಬಂತು. ಕೆಳಗೆ ಹಸಿರು. ಅದರ ಕೆಳಗೆ ಗುಲಾಬಿ. ಮತ್ತೆ ನೀಲಿ... ಏಳು ಪದರ! ಇದೇನು ಗೋಡೆಯೋ, ಈರುಳ್ಳಿಯೋ?

ಶಿಶುಕೇಂದ್ರ ನೋಡಿಕೊಳ್ಳುವ ಆಯಾ ಓಡಿಬಂದಳು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ. ಇಬ್ಬರ ಮುರುಕು ಇಂಗ್ಲಿಷ್ ಸೇರಿಸಿ ಒಂದು ಮಾತಾಯಿತು.
"ಅಯ್ಯೋ ತಾಯಿ, ಕೆರೀಬೇಡ! ಇದು ತಂಡಗಳ ಗೋಡೆ. ವರ್ಷಕ್ಕೆರಡು ತಂಡ ಬರ್ತಾವೆ. ಎಲ್ಲರಿಗೂ ಬಣ್ಣ ಹೊಡೆಯೋ ಆಸೆ. ಪಾಪ, ಹೊಡ್ಕೊಂಡು ಹೋಗ್ಲಿ ಅಂತ ಇದನ್ನ ಇಟ್ಟಿದ್ದೀವಿ."
ಮೈ ಉರಿದುಹೋಯಿತು. ಆಮೇಲೆ ನಗು. ನಾವು ಇವರಿಗೆ ಸೇವೆ ಮಾಡುತ್ತಿಲ್ಲ, ಇವರೇ ನಮ್ಮನ್ನು ಆಡಿಸುತ್ತಿದ್ದಾರೆ!
"ನಿಜವಾಗ್ಲೂ ಏನು ಕೆಟ್ಟಿದೆ?" ಎಂದೆ.
ಅವಳು ನನ್ನನ್ನೇ ನೋಡಿದಳು. ಯಾವ ತಂಡವೂ ಕೇಳಿರಲಿಲ್ಲವಂತೆ. ಕೈಹಿಡಿದು ಒಳಗೆ ಕರೆದೊಯ್ದಳು. ಮಕ್ಕಳು ಮಲಗುವ ಕೋಣೆ. ಸೂರೆಲ್ಲ ಬೂಷ್ಟು. ಮಳೆ ಬಂದರೆ ಹಾಸಿಗೆ ಎಳೆದಾಡಬೇಕಂತೆ.

ಜೂನ್ 8
ತಾರಸಿ ಹತ್ತಿದೆ. ಮೊಳದುದ್ದದ ಬಿರುಕು. ಹಿಂದೆ ಯಾರೋ ಪುಣ್ಯಾತ್ಮ ಅದಕ್ಕೂ ಬರೀ ಬಣ್ಣ ಬಳಿದಿದ್ದಾನೆ.
ಆಯಾ ಕೇಳಿದಳು: "ನೀನು ಹೇಳು ಮೇಸ್ತ್ರಿ, ಏನು ಮಾಡೋಣ?"
ಮೇಸ್ತ್ರಿ! ಊರಲ್ಲಿ ನಾನು 'ಏ ಬಣ್ಣದೋಳೇ'. ಏನು ಮಾಡೋಣ ಅಂತ ಯಾರೂ ಕೇಳಿದ್ದಿಲ್ಲ. ಕಣ್ಣಿಗೆ ಧೂಳು ಬಿತ್ತು ಎಂದು ಸುಳ್ಳು ಹೇಳಿದೆ.

ಜೂನ್ 10
ನಿನ್ನೆ ಬರೆಯಲಾಗಲಿಲ್ಲ. ಬೆರಳೆಲ್ಲ ಸಿಮೆಂಟು. ಬಿರುಕು ಅಗಲಿಸಿ, ತೊಳೆದು, ಗಾರೆ ತುಂಬಿದೆ. ಮೇಲೆ ಒದ್ದೆ ಗೋಣಿಚೀಲ. ಆಯಾ ನೀರು ಹೊತ್ತಳು. ಡಾಕ್ಟರ್ ಸಾಹೇಬರೂ ಎರಡು ಬಕೆಟ್ ಹೊತ್ತು ಸೊಂಟ ಹಿಡಿದು ಕೂತರು.

ಜೂನ್ 11, ಶನಿವಾರ
ಗಾರೆಗೆ ನೀರು ಹಾಕುತ್ತಿದ್ದೆ, ಫೋಟೋಗೆ ಹೋಗಲಿಲ್ಲ. ಪಾಸ್ಟರ್ ಕೆಂಡ. ಕೈಗೊಂದು ಚೀಟಿ ತುರುಕಿದರು. ನಾಳೆ ಆರಾಧನೆಯಲ್ಲಿ ನಾನು ಓದಬೇಕಾದ ಸಾಕ್ಷಿ, ದೇವರು ನನಗೆ ಮಾಡಿದ್ದನ್ನು ಹೇಳುವ ಮಾತು.
'ಬಡ ಹೆಂಗಸಾದ ನಾನು ಕತ್ತಲೆಯಲ್ಲಿದ್ದೆ...'
"ಯಾವ ಕತ್ತಲೆ ಸಾರ್? ನಮ್ಮ ಚರ್ಚಿನ ಅಡಿಪಾಯಕ್ಕೆ ಕಲ್ಲು ಹೊತ್ತವನು ನಮ್ಮ ತಾತ."
"ಇಲ್ಲೂ ನಿಮ್ಮ ಬೀದಿಯೋರ ಹೋರಾಟ ಶುರು ಮಾಡ್ಬೇಡಮ್ಮ. ಬರೆದಷ್ಟು ಓದು. ಇಲ್ಲಾಂದ್ರೆ ನಿಮ್ಮ ಬೀದಿಯಿಂದ ಇನ್ನೊಬ್ಬರನ್ನ ನಾನು ಕರ್ಕೊಂಡು ಬರಲ್ಲ."
ನನಗೆ ಬೈದಿದ್ದರೆ ಉಗಿದು ಬರುತ್ತಿದ್ದೆ. ಬೀದಿಯನ್ನೇ ಹಿಡಿದರು. ನನ್ನ ಬಾಯಿಂದ ಮುಂದಿನವರ ದಾರಿ ಮುಚ್ಚಬೇಕೇ? ಓದಿದರೆ ತಾತನಿಗೆ ಯಾವ ಮುಖ ತೋರಿಸಲಿ?

ಜೂನ್ 12, ಮಧ್ಯಾಹ್ನ, ಮಕ್ಕಳ ಕೋಣೆ
ಆರಾಧನೆ ಅರ್ಧಕ್ಕೆ ನಿಂತಿದೆ. ಗಡಿಬಿಡಿಯಲ್ಲೇ ಬರೆಯುತ್ತಿದ್ದೇನೆ.
ಡಾಕ್ಟರ್ ಸಾಕ್ಷಿ ಹೇಳಿದರು: ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು. ಮೇಡಂ ಅದನ್ನೇ ಅತ್ತುಕೊಂಡು ಹೇಳಿದರು. ನನ್ನನ್ನು ಕರೆದರು. ಎದ್ದೆ. ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಧೋ ಎಂದು ಮಳೆ. ಗಾರೆ ತುಂಬಿ ಇನ್ನೂ ಮೂರೇ ದಿನ!
"ಆಮೇಲೆ ಹೇಳ್ತೀನಿ," ಎಂದು ಓಡಿದೆ. ಹಿಂದೆ ಆಯಾ. ಅವಳ ಹಿಂದೆ ಪಾಸ್ಟರ್. ಏನೋ ಅನಾಹುತವೆಂದು ಇಡೀ ಸಭೆ.
ನಲವತ್ತು ಜನ ಕತ್ತೆತ್ತಿ ಸೂರು ನೋಡುತ್ತ ನಿಂತೆವು. ಐದು ನಿಮಿಷ. ಹತ್ತು. ಮಕ್ಕಳು ಹಾಸಿಗೆಯಲ್ಲಿ ಕದಲದೆ ನಿದ್ದೆ. ಒಂದು ಹನಿ ಬೀಳಲಿಲ್ಲ. ಆಯಾ ನನ್ನನ್ನು ಎತ್ತಿಯೇಬಿಟ್ಟಳು!
"ಇದೇ ಸಾರ್ ನಾನು ಹೇಳೋದು," ಎಂದೆ. "ಇದಕ್ಕಿಂತ ಜಾಸ್ತಿ ಓದಕ್ಕೆ ನನಗೆ ಬರಲ್ಲ. ಮುಂದಿನ ಲಿಸ್ಟಿಗೆ ನಮ್ಮ ಬೀದಿಯಿಂದ ಇಬ್ಬರು. ಗಾರೆ ಕೆಲಸದೋರು."
ಪಾಸ್ಟರ್ ಸೂರಿನಿಂದ ಕಣ್ಣಿಳಿಸಿದರು. ಮೆಲ್ಲಗೆ ಹತ್ತಿರ ಬಂದರು.
"ನಮ್ಮ ಚರ್ಚಿನ ಬಲಿಪೀಠದ ಮೇಲೂ ಸೋರುತ್ತೆ ಕಣಮ್ಮ..."
"ಗೊತ್ತು ಸಾರ್. ಹದಿನೆಂಟು ವರ್ಷದಿಂದ ಹೇಳ್ತಿದ್ದೀನಿ. ಬಣ್ಣ ಹೊಡಿ ಸಾಕು ಅಂದೋರು ನೀವೇ."
ಏನೋ ಹೇಳಲು ಬಾಯಿ ತೆರೆದಿದ್ದಾರೆ. ಮಾತು ಬರಲಿ, ಬಂದದ್ದನ್ನು ಹಾಗೇ ಬರೆಯುತ್ತೇ—