ಲಾಳಿ ತಂಡ ಎರಡು ಪಾಲಾದ ವರ್ಷ

ಬೆಟಗೇರಿ,
ಫೆಬ್ರುವರಿ 31, 2194

ಇಂದು ಬೆಟಗೇರಿಯ ಬಯಲಿನಲ್ಲಿ ಹಾಕಿ ಆಡುತ್ತಿರುವವರಿಗೆ, ಮತ್ತು ಆಟ ನೋಡುತ್ತ ಗೋಡೆಯ ಮೇಲೆ ಕುಳಿತಿರುವವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಫೆಬ್ರುವರಿಗೆ ಮೂವತ್ತೊಂದು ದಿನ. ಮೇ ತಿಂಗಳಿನಿಂದ ಕೆಲವು ದಿನಗಳನ್ನು ಕಿತ್ತು ಇದಕ್ಕೆ ಸೇರಿಸಿದ್ದಾರೆ, ಮೇ ತಿಂಗಳು ಈಗ ಯಾರಿಗೂ ಬೇಡವಾಗಿದೆ. ನನ್ನ ಕನ್ನಡ ಅಲ್ಲಲ್ಲಿ ತೊಡರಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಹಳೆಯ ಪತ್ರಿಕೆಗಳನ್ನು ಓದಿ ಓದಿ ಈ ಬರವಣಿಗೆ ರೂಢಿಸಿಕೊಂಡೆ. ನಾವು ದಿನವೂ ಆಡುವ ಕೆಲವು ಮಾತುಗಳು ನಿಮ್ಮಲ್ಲಿ ಇನ್ನೂ ಹುಟ್ಟಿಲ್ಲ, ಅವು ಬಂದಲ್ಲಿ ಅರ್ಥ ಹೇಳುತ್ತ ಹೋಗುತ್ತೇನೆ. ಈ ಕಾಗದ ನಿಮ್ಮನ್ನು ಮುಟ್ಟುವ ದಾರಿ ಇಲ್ಲವೆಂಬುದು ನನಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ. ಇಲ್ಲಿ ಈ ವಿಷಯವನ್ನು ಯಾರ ಮುಂದೆ ತೆಗೆದರೂ ಅವರು ಕಿಟಕಿಯ ಕಡೆ ನೋಡಲು ಶುರುಮಾಡುತ್ತಾರೆ.

ನನ್ನ ಹೆಸರು ನೀಲಗಂಗಾ ಹೊಂಬಳ. ತಗ್ಗುಶಾಲೆಯಲ್ಲಿ ಕಲಿಸುತ್ತೇನೆ, ಹಾಗಾಗಿ ಊರವರೆಲ್ಲ ನನ್ನನ್ನು ಅಕ್ಕೋರು ಅನ್ನುತ್ತಾರೆ. ತಗ್ಗುಶಾಲೆ ಅಂದರೆ ನೆಲದ ಕೆಳಗೆ ಕಟ್ಟಿದ ಶಾಲೆ, ಈಗಿನ ಎಲ್ಲ ಶಾಲೆಗಳೂ ಹಾಗೆಯೇ. ಬೆಳಗ್ಗೆ ಬಿಸಿಲೇರುವ ಮುನ್ನ ಊರಲ್ಲಿ ನೆರಳುಗಂಟೆ ಬಾರಿಸುತ್ತದೆ. ಅದು ಬಾರಿಸಿತೆಂದರೆ ಮನುಷ್ಯರು, ದನಕರು, ನಾಯಿಗಳು ಎಲ್ಲ ಒಳಗೆ, ಹೊತ್ತು ಮುಳುಗುವ ತನಕ ಬೀದಿಯಲ್ಲಿ ಯಾರೂ ಇಲ್ಲ. ಹಾಗಾಗಿ ನಮ್ಮ ಆಟವೆಲ್ಲ ನಸುಕಿನಲ್ಲಿ. ಭಾನುವಾರ ಕತ್ತಲಿರುವಾಗಲೇ ಎದ್ದು, ತಲೆಗೆ ಒದ್ದೆ ವಸ್ತ್ರ ಸುತ್ತಿಕೊಂಡು, ಬಯಲಿಗೆ ಹೋಗಿ ಹಕ್ಕುಮಣೆಯ ಮೇಲೆ ಕೂರುತ್ತೇವೆ. ತಾಯಿಯಿಂದ ಮಕ್ಕಳಿಗೆ ಬರುವ ಕುಳಿತುಕೊಳ್ಳುವ ಜಾಗಕ್ಕೆ ಹಕ್ಕುಮಣೆ ಅನ್ನುತ್ತೇವೆ. ನನ್ನದು ಉತ್ತರದ ಗೋಲಿನ ಹಿಂದೆ, ಅವ್ವ ಕೊಟ್ಟದ್ದು. ಪಕ್ಕದ ಮಣೆ ರಾಜೇಸಾಬ ನದಾಫರದು. ಅವರಿಗೆ ಸ್ಟೇಷನ್ ರಸ್ತೆಯಲ್ಲಿ ಭಜಿ ಅಂಗಡಿ ಇದೆ. ಈಗ ಈರುಳ್ಳಿ ಎಲ್ಲಿಯೂ ಸಿಗುವುದಿಲ್ಲ, ಆದರೆ ಬದನೆಕಾಯಿ ಭಜಿ ಇನ್ನೂ ಉಳಿದಿದೆ. ಮಂಡಕ್ಕಿ ಕಲಸಿದ ಗಿರ್ಮಿಟ್ಟಿಗೆ ಈರುಳ್ಳಿಯ ಬದಲು ಏನೋ ಒಂದು ಬಿಳಿ ಬೇರನ್ನು ಹೆಚ್ಚಿ ಹಾಕುತ್ತಾರೆ, ಅದು ನಿಮಗೆ ಖಂಡಿತ ಸೇರುತ್ತಿರಲಿಲ್ಲ. ಆಟವಿರುವ ದಿನ ರಾಜೇಸಾಬರು ಹಲಗೆ ಬಾರಿಸುವವರು. ಇಪ್ಪತ್ತು ವರ್ಷ ನನ್ನ ಎಡಗಿವಿಯ ಹತ್ತಿರವೇ ಬಾರಿಸಿ, ಆ ಕಿವಿ ಈಗ ಅಷ್ಟಾಗಿ ಕೇಳುವುದಿಲ್ಲ.

ನಮ್ಮ ತಂಡದ ಹೆಸರು ಲಾಳಿ. ನಿಮ್ಮ ಕಾಲದಲ್ಲಿ ಅದು ಇರಲಿಲ್ಲ. ನೇಕಾರರ ಊರಾದ್ದರಿಂದ ಆ ಹೆಸರು ಇಟ್ಟರು: ಮಗ್ಗದ ಲಾಳಿಯ ಹಾಗೆ ಚೆಂಡು ಅತ್ತಿಂದಿತ್ತ ಓಡಬೇಕು ಅಂತ. ಅರಿಶಿನ ಬಣ್ಣದ ಅಂಗಿ, ಕೆಂಪು ಅಂಚು. ಹೆಣ್ಣುಮಕ್ಕಳ ತಂಡ. ಅದನ್ನು ನಡೆಸಿಕೊಂಡು ಬಂದವರು ಸಿದ್ದವ್ವ ಮುರಗೋಡ. ತಂಡ ಅವರ ಮನೆತನದ ಸ್ವತ್ತು, ಆದರೆ ಆ ತಾಯಿ ಬದುಕಿರುವ ತನಕ ಅದು ಯಾರ ಸ್ವತ್ತು ಅನ್ನುವ ಪ್ರಶ್ನೆ ನಮಗೆ ಹೊಳೆದದ್ದೇ ಇಲ್ಲ. ಹುಡುಗಿಯರಿಗೆ ಕೈಯಾರೆ ಜೋಳದ ನುಚ್ಚು ಬಡಿಸುತ್ತಿದ್ದರು, ಸೋತು ಬಂದರೆ ಎಲ್ಲರೆದುರಿಗೇ ಬಯ್ಯುತ್ತಿದ್ದರು. ಅವರು ತೀರಿಕೊಂಡ ವಾರ ತಂಡ ಕಪ್ಪು ಪಟ್ಟಿ ಕಟ್ಟಿಕೊಂಡು ಆಡಿತು. ಗೋಲು ಹೊಡೆದ ಬಸಮ್ಮ ಕೊತಬಾಳ ಮೊಣಕಾಲೂರಿ ಕುಳಿತುಬಿಟ್ಟಳು. ಅವಳು ತಂಡದ ನಾಯಕಿ, ನನ್ನ ಹಳೆಯ ವಿದ್ಯಾರ್ಥಿನಿ. ಅಂದು ಬಯಲಿಗೆ ಬಯಲೇ ಅತ್ತಿತು. ಲಾಳಿಗಾಗಿ ನಾನು ಅತ್ತದ್ದು ಅದೇ ಕೊನೆ.

ಸಿದ್ದವ್ವನವರಿಗೆ ಇಬ್ಬರು ಮಕ್ಕಳು. ಹಿರಿಯಳು ಗಂಗಾಂಬಿಕೆ, ಕಿರಿಯವನು ಇಂದುಧರ. ಇಬ್ಬರೂ ಬಯಲಿನಲ್ಲಿ ನಮ್ಮ ಕಣ್ಣೆದುರಿಗೇ ಓಡಾಡಿ ಬೆಳೆದವರು. ಇಂದುಧರನಿಗೆ ತಂಡವನ್ನು ಹುಬ್ಬಳ್ಳಿಯ ಮುಚ್ಚುಬಯಲಿಗೆ ಒಯ್ಯುವ ಆಸೆ. ಮುಚ್ಚುಬಯಲು ಅಂದರೆ ಸೂರು ಹಾಕಿ ತಂಪು ಮಾಡಿದ ಮೈದಾನ, ಅಲ್ಲಿ ನಡುಮಧ್ಯಾಹ್ನವೂ ಆಡಬಹುದು. ಹುಡುಗಿಯರು ಬಿಸಿಲಿಗೆ ಬಿದ್ದು ಸಾಯುವುದು ತಪ್ಪುತ್ತದೆ ಅನ್ನುವುದು ಅವನ ವಾದ, ಅದರಲ್ಲಿ ಸುಳ್ಳಿರಲಿಲ್ಲ. ಗಂಗಾಂಬಿಕೆ ಒಪ್ಪಲಿಲ್ಲ. ಲಾಳಿ ಬೆಟಗೇರಿ ಬಿಟ್ಟರೆ ಲಾಳಿಯೇ ಅಲ್ಲ ಅಂದಳು, ಅದರಲ್ಲಿಯೂ ಸುಳ್ಳಿರಲಿಲ್ಲ. ಸಿದ್ದವ್ವ ಯಾವುದನ್ನೂ ಯಾರ ಹೆಸರಿಗೂ ಮಾಡಿ ಹೋಗಿರಲಿಲ್ಲ. ಅಕ್ಕ ತಮ್ಮ ಕೋರ್ಟು ಹತ್ತಿದರು.

ಮೊದಮೊದಲು ನಮಗೆ ಅದೊಂದು ಹಬ್ಬ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ. ಊರಲ್ಲಿ ಅಕ್ಕನ ಕಡೆಯವರು, ತಮ್ಮನ ಕಡೆಯವರು ಅಂತ ಎರಡು ಗುಂಪಾದವು. ಭಜಿ ಅಂಗಡಿಯ ಮುಂದೆ ಕೈ ಕೈ ಮಿಲಾಯಿಸುವ ತನಕ ಹೋಯಿತು.

"ಅಕ್ಕೋರ, ಇವರ ಮನಿ ಜಗಳದಾಗ ನನ್ನ ಭಜಿ ಚಲೋ ಹೊಂಟಾವ ನೋಡ್ರಿ," ಅಂದು ರಾಜೇಸಾಬರು ನಕ್ಕರು. "ಇನ್ನೊಂದೀಟು ದಿನ ನಡೀಲಿ ಬಿಡ್ರಿ."

ನಾನೂ ನಕ್ಕೆ. ನಾನು ಅಕ್ಕನ ಕಡೆ ಇದ್ದೆ, ಅವರು ತಮ್ಮನ ಕಡೆ.

ಆಮೇಲೆ ಕೋರ್ಟು ಒಂದು ಆದೇಶ ಹೊರಡಿಸಿತು. ತೀರ್ಪು ಬರುವ ತನಕ ಲಾಳಿ ಯಾರ ಹೆಸರಿನಲ್ಲಿಯೂ ಆಡುವಂತಿಲ್ಲ. ಆ ಭಾನುವಾರ ನಸುಕಿನಲ್ಲಿ ಎಚ್ಚರವಾಯಿತು. ಆಟವಿಲ್ಲವೆಂದು ಗೊತ್ತಿದ್ದೂ ವಸ್ತ್ರ ಒದ್ದೆ ಮಾಡಿ ಸುತ್ತಿಕೊಂಡು ಹೊರಟೆ. ಹೋಗಿ ನೋಡಿದರೆ ಮಣೆಗಳೆಲ್ಲ ತುಂಬಿವೆ. ಯಾರೂ ಯಾರನ್ನೂ ಕರೆದಿರಲಿಲ್ಲ. ಬಯಲು ಖಾಲಿ, ಎರಡು ಗೋಲುಗಂಬ, ಮೇಲೊಂದು ಹದ್ದು. ರಾಜೇಸಾಬರು ಹಲಗೆ ತಂದಿದ್ದರು. ಸ್ವಲ್ಪ ಹೊತ್ತು ಬಾರಿಸಿದರು. ಹಿಂದಿನ ಸಾಲಿನಿಂದ ಯಾರೋ "ಹೊಡಿಯವ್ವಾ ಬಸಮ್ಮ, ಹೊಡಿ!" ಅಂತ ಕೂಗಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಏನು ಮಾಡಬೇಕೆಂದು ತಿಳಿಯದೆ ನೆರಳುಗಂಟೆಯ ತನಕ ಸುಮ್ಮನೆ ಕುಳಿತೆವು.

ಮುಂದಿನ ವಾರ ಜನ ಕಡಿಮೆಯಾದರು. ಅದರ ಮುಂದಿನ ವಾರ ಇನ್ನೂ ಕಡಿಮೆ. ನಾನು ಹೋಗುತ್ತಲೇ ಇದ್ದೆ. ಪ್ರೀತಿಯಿಂದ ಹೋದೆ ಅನ್ನಲಾರೆ. ಹೇಗೂ ಆ ಹೊತ್ತಿಗೆ ಎಚ್ಚರವಾಗುತ್ತಿತ್ತು, ಅಷ್ಟೇ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕುಳಿತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಕಾಲು ನಮ್ಮದೇ, ಆದರೆ ಚಿವುಟಿದರೆ ಗೊತ್ತಾಗುವುದಿಲ್ಲ. ಲಾಳಿಯ ವಿಷಯದಲ್ಲಿ ನನಗೆ ಹಾಗಾಗಿತ್ತು. ಪೇಟೆಯಲ್ಲಿ ಯಾರಾದರೂ ಕೋರ್ಟಿನ ಸುದ್ದಿ ತೆಗೆದರೆ "ಹೌದಾ" ಅನ್ನುತ್ತಿದ್ದೆ. ಬದನೆಕಾಯಿ ಆರಿಸುವುದನ್ನು ಮುಂದುವರಿಸುತ್ತಿದ್ದೆ.

ಎರಡನೆಯ ವರ್ಷ ಅಕ್ಕ ತಮ್ಮ ಇಬ್ಬರನ್ನೂ ಒಂದೆಡೆ ಕೂಡಿಸಿ ಮಾತಾಡಿಸೋಣವೆಂದು ಊರಿನ ಹಿರಿಯರು ನಮ್ಮ ಶಾಲೆಯ ದೊಡ್ಡ ಕೋಣೆಯಲ್ಲಿ ಸಭೆ ಕರೆದರು. ಇಬ್ಬರೂ ಬಂದರು. ಗಂಗಾಂಬಿಕೆಯ ಕೂದಲು ಬೆಳ್ಳಗಾಗಿತ್ತು. ಇಂದುಧರ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತ. ಮಾತು ತಂಡದಿಂದಲೇ ಶುರುವಾಯಿತು, ಆದರೆ ಅಲ್ಲಿ ನಿಲ್ಲಲಿಲ್ಲ.

"ಅವ್ವಗ ಎದ್ದು ಕುಂದ್ರಾಕ ಆಗದಾಗ ತುತ್ತು ಮಾಡಿ ಉಣಿಸಿದಾಂವ ನಾನು," ಅಂದ ಇಂದುಧರ. "ಆಗ ನೀ ಎಲ್ಲಿದ್ದಿ, ಅಕ್ಕಾ?"

"ಬಯಲಾಗಿದ್ದೆ! ಆಕಿ ಕಟ್ಟಿದ್ದ ತಂಡಾ ನಡಸ್ಕೋತ ಇದ್ದೆ," ಅಂದಳು ಗಂಗಾಂಬಿಕೆ. "ಆಕಿನ ಹೇಳಿದ್ಲು, ನನ್ನ ನೋಡ್ಕೋತ ಕುಂದರಬ್ಯಾಡ, ಹುಡುಗ್ಯಾರನ್ನ ನೋಡು ಹೋಗು ಅಂತ."

"ನನಗ ಹಂಗ ಹೇಳಲಿಲ್ಲ ಆಕಿ."

"ನಿನಗ ಯಾಕ ಹೇಳ್ತಾಳಪ್ಪ? ನೀ ಆಕೀ ಹತ್ರ ಕುಂತಿದ್ದಿ. ನನಗ ಆ ಪುಣ್ಯಾನೂ ಸಿಗಲಿಲ್ಲ."

ಇಂದುಧರ ಮುಖ ತಿರುಗಿಸಿಕೊಂಡ. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಗಂಗಾಂಬಿಕೆ ಒಂದು ಹೆಜ್ಜೆ ಅವನ ಕಡೆ ಇಟ್ಟಳು. ಅದೇ ಹೊತ್ತಿಗೆ ಅವನ ವಕೀಲ ಎದ್ದು ನಿಂತು, ಇಲ್ಲಿ ಆಡಿದ ಮಾತನ್ನು ಕೋರ್ಟಿನಲ್ಲಿ ಬಳಸುವಂತಿಲ್ಲ ಅಂತ ಶುರುಮಾಡಿದ. ಅವಳು ಹಿಂದೆ ಸರಿದಳು. ನಾವು ನೂರಾರು ಜನ ಗೋಡೆಗೆ ಒರಗಿ ನಿಂತಿದ್ದೆವು. ಯಾರಾದರೊಬ್ಬರು ಆ ವಕೀಲನಿಗೆ ಕುಳಿತುಕೊಳ್ಳಪ್ಪ ಅಂದಿದ್ದರೆ ಏನಾಗುತ್ತಿತ್ತೋ. ಯಾರೂ ಅನ್ನಲಿಲ್ಲ. ಬೇರೊಬ್ಬರ ಮನೆಯ ಅಡುಗೆಮನೆಗೆ ನುಗ್ಗಿದವರ ಹಾಗೆ ತಲೆ ತಗ್ಗಿಸಿಕೊಂಡು ಒಬ್ಬೊಬ್ಬರೇ ಹೊರಬಿದ್ದೆವು. ಅಂದಿನಿಂದ ಊರಲ್ಲಿ ಅಕ್ಕನ ಕಡೆ, ತಮ್ಮನ ಕಡೆ ಅನ್ನುವ ಮಾತು ನಿಂತುಹೋಯಿತು.

ಮರುವರ್ಷ ತೀರ್ಪು ಬಂತು. ನ್ಯಾಯಾಧೀಶರು ಹೊಲ ಹಂಚಿದ ಹಾಗೆ ಹಂಚಿದ್ದರು. ಹೆಸರು, ಅಂಗಿಯ ಬಣ್ಣ, ಬಯಲು ಅಕ್ಕನಿಗೆ. ಆಟಗಾರ್ತಿಯರ ಕರಾರು ತಮ್ಮನಿಗೆ. ರಾಜೇಸಾಬರು ಅಂಗಡಿಯಲ್ಲಿ ಅದನ್ನು ಕೇಳಿ, ಎಣ್ಣೆಯಲ್ಲಿದ್ದ ಭಜಿ ಹೊರಳಿಸಿ ಹಾಕಿ, "ಹೂಂ," ಅಂದರಂತೆ. ಆಮೇಲೆ ಒಬ್ಬರು ಮಿರ್ಚಿ ಕೇಳಿದರು, ಕೊಟ್ಟರಂತೆ.

ಗಂಗಾಂಬಿಕೆ ಧಾರವಾಡ, ಕೊಪ್ಪಳ, ಬಾಗಲಕೋಟೆಯಿಂದ ಹುಡುಗಿಯರನ್ನು ಕೂಡಿಸಿ ಹೊಸ ಲಾಳಿ ಕಟ್ಟಿದಳು. ನಮ್ಮ ಹುಡುಗಿಯರು ಹುಬ್ಬಳ್ಳಿಗೆ ಹೋಗಿ ನೀಲಿ ಅಂಗಿ ತೊಟ್ಟರು. ಹೋಗುವ ಮುನ್ನ ಬಸಮ್ಮ ಶಾಲೆಗೆ ಬಂದು ನನ್ನ ಕಾಲಿಗೆ ನಮಸ್ಕರಿಸಿದಳು.

"ಬರ್ತೀನ್ರಿ ಅಕ್ಕೋರ. ಬ್ಯಾಸರ ಮಾಡ್ಕೋಬ್ಯಾಡ್ರಿ," ಅಂದಳು.

"ಚಲೋ ಆಡವಾ," ಅಂದೆ.

ಎರಡು ತಂಡಗಳು ಮೊದಲ ಸಲ ಎದುರಾದದ್ದು ನಮ್ಮ ಬಯಲಿನಲ್ಲಿಯೇ. ಎಷ್ಟೋ ಕಾಲದ ಮೇಲೆ ಮಣೆಗಳೆಲ್ಲ ತುಂಬಿದವು. ಬರಲಾಗದ ಮುದುಕರು ಮನೆಯಲ್ಲಿ ದೂರಕಣ್ಣು ಹಾಕಿಕೊಂಡು ಕುಳಿತಿದ್ದರು. ದೂರಕಣ್ಣು ಅಂದರೆ ಮನೆಯಲ್ಲಿದ್ದುಕೊಂಡೇ ಬಯಲಲ್ಲಿ ಕುಳಿತಂತೆ ಕಾಣಿಸುವ ಕನ್ನಡಕ. ಅರಿಶಿನದ ಅಂಗಿಯಲ್ಲಿ ನಮಗೆ ಹೆಸರೂ ಗೊತ್ತಿಲ್ಲದ ಹನ್ನೊಂದು ಮುಖ. ನೀಲಿ ಅಂಗಿಯಲ್ಲಿ ನಾವು ಎತ್ತಿ ಆಡಿಸಿದ ಹುಡುಗಿಯರು. ಅಕ್ಕ ಬಯಲಿನ ಈ ತುದಿಗೆ, ತಮ್ಮ ಆ ತುದಿಗೆ.

ಸೀಟಿ ಊದಿದರು. ರಾಜೇಸಾಬರು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದರು.

"ಅಕ್ಕೋರ, ಈಗ ಯಾರಿಗಂತ ಬಾರಸ್ಲಿ?"

ನಾನು ತಲೆಯ ವಸ್ತ್ರವನ್ನು ಬಿಚ್ಚಿ ಮತ್ತೆ ಸುತ್ತಿಕೊಂಡೆ. ಅವರು ಹಲಗೆಯನ್ನು ಕಾಲ ಬುಡದಲ್ಲಿ ಇಟ್ಟರು.

ಮೊದಲ ಗೋಲು ಹೊಡೆದವಳು ಬಸಮ್ಮ, ನಮ್ಮದೇ ಗೋಲಿಗೆ. ಚೆಂಡು ಗೋಲಿನೊಳಗಿನ ಮರದ ಪಟ್ಟಿಗೆ ಬಡಿದ ಸದ್ದು ಕೇಳಿದ್ದೇ ತಡ, ಅಷ್ಟು ವರ್ಷಗಳ ರೂಢಿಯ ಮೇಲೆ ಸ್ಟಿಕ್ಕು ಎತ್ತಿ ನಮ್ಮ ಮಣೆಗಳ ಕಡೆ ಓಡಿ ಬಂದಳು. ಅರ್ಧ ದಾರಿಗೆ ನೆನಪಾಯಿತು. ನಿಂತಳು. ಕೈ ಮೇಲಿತ್ತು, ಅದನ್ನು ಇಳಿಸಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ. ಸಾವಿರಾರು ಜನ ಅವಳನ್ನೇ ನೋಡುತ್ತಿದ್ದೆವು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ, ಒಬ್ಬರೂ ಬಯ್ಯಲಿಲ್ಲ. ಅವಳು ಉಸಿರಾಡುವುದು ನನಗೆ ಕೇಳಿಸಿತು, ನನ್ನ ಒಳ್ಳೆಯ ಕಿವಿಗೆ. ಆಮೇಲೆ ಮೆಲ್ಲಗೆ ನಡೆಯುತ್ತ ತನ್ನ ಜಾಗಕ್ಕೆ ವಾಪಸಾದಳು.

ಆಟ ಎಷ್ಟಕ್ಕೆ ಮುಗಿಯಿತೋ ನನಗೆ ಗೊತ್ತಿಲ್ಲ. ಬೇಕಿದ್ದರೆ ಯಾರನ್ನಾದರೂ ಕೇಳಬಹುದಿತ್ತು.

ಇಂದುಧರ ಮತ್ತೆ ಬೆಟಗೇರಿಗೆ ಬರಲಿಲ್ಲ. ಬಸಮ್ಮ ಇನ್ನೂ ಚೆನ್ನಾಗಿ ಆಡುತ್ತಾಳೆಂದು ಕೇಳಿದ್ದೇನೆ. ಹುಬ್ಬಳ್ಳಿಯಲ್ಲಿ ಯಾವ ಹುಡುಗಿಯೂ ಬಿಸಿಲಿಗೆ ಬೀಳುವುದಿಲ್ಲ, ಅದು ಒಳ್ಳೆಯದೇ. ಹೊಸ ಹುಡುಗಿಯರೂ ಬಡಪಾಯಿಗಳು, ಜೀವ ತೇಯ್ದು ಆಡುತ್ತಾರೆ, ಅವರದೇನು ತಪ್ಪು? ಹೆಸರು ಕಲಿಯಲು ನಾನು ಎರಡು ಸಲ ಕುಳಿತೆ. ತಲೆಯಲ್ಲಿ ನಿಲ್ಲಲಿಲ್ಲ.

ಕಳೆದ ಭಾನುವಾರ ಒಂದು ಸಂಗತಿ ನಡೆಯಿತು. ಈ ಕಾಗದ ಬರೆಯುವುದಕ್ಕೆ ಅದೇ ಕಾರಣ. ಆಟ ಶುರುವಾಗಿತ್ತು, ನನ್ನ ಬಲಗಡೆಯ ಮಣೆ ಖಾಲಿ ಇತ್ತು. ಗಂಗಾಂಬಿಕೆ ಮೆಟ್ಟಿಲು ಹತ್ತಿ ಬಂದು ನಿಂತಳು.

"ಇಲ್ಲಿ ಕುಂದರ್ಲೇನ್ರಿ ಅಕ್ಕೋರ?"

"ಕುಂದರ್ರಿ."

ಅವಳು ಸೆರಗು ಸರಿಮಾಡಿಕೊಂಡು ಕುಳಿತಳು. ಅಷ್ಟರಲ್ಲಿ ಅವಳ ತಂಡ ಗೋಲು ಹೊಡೆಯಿತು. ಅಲ್ಲಲ್ಲಿ ನಾಲ್ಕಾರು ಚಪ್ಪಾಳೆ ಬಿದ್ದವು. ಅವಳು ಕೈಯೆತ್ತಲಿಲ್ಲ. ಬಯಲನ್ನೇ ನೋಡುತ್ತ, ನನಗೋ ತನಗೋ ಅನ್ನುವ ಹಾಗೆ ಅಂದಳು:

"ಎಲ್ಲಾರಿಗೂ ಹಿಂಗ ಆಗ್ತೈತೋ, ನನಗಷ್ಟಽ ಏನೂ ಅನಸವಲ್ದೋ?"

"ಎಲ್ಲಾರಿಗೂ ಹಿಂಗಽ ಐತ್ರಿ," ಅಂದೆ.

ಅವಳು ತಲೆಯಾಡಿಸಿದಳು. ಸ್ವಲ್ಪ ಹಗುರಾದಂತೆ ಕಂಡಳು. ನೆರಳುಗಂಟೆ ಬಾರಿಸಿತು, ಎದ್ದು ಹೋದೆವು.

ಮನೆಗೆ ಬಂದು ನಿಮ್ಮ ಕಾಲದ ಒಂದು ಚಿತ್ರ ತೆಗೆದು ನೋಡಿದೆ. ಇದೇ ಬಯಲು. ಧೂಳು. ಬರಿಗಾಲಲ್ಲಿ ಆಡುವ ಕೆಲವರು, ಗೋಡೆಯ ಮೇಲೆ ಸಾಲಾಗಿ ಕುಳಿತವರು. ಯಾರೋ ಗೋಲು ಹೊಡೆದಿರಬೇಕು, ಗೋಡೆಯ ಮೇಲಿನವರೆಲ್ಲ ಬಾಯಿ ತೆರೆದಿದ್ದಾರೆ. ಒಬ್ಬ ಕೆಳಗೆ ಬೀಳುವುದರಲ್ಲಿದ್ದಾನೆ, ಪಕ್ಕದವನು ಅವನ ಅಂಗಿ ಹಿಡಿದುಕೊಂಡಿದ್ದಾನೆ. ಆಡುತ್ತಿರುವವರು ಯಾರ ತಂಡದವರೋ, ಆ ತಂಡ ಯಾರ ಸ್ವತ್ತೋ, ಚಿತ್ರದಲ್ಲಿ ಬರೆದಿಲ್ಲ.

ಜಗಳ ಮಾಡಬೇಡಿ ಅಂತ ನಿಮಗೆ ಹೇಳಲಾರೆ. ತಂಡವನ್ನು ಯಾರ ಹೆಸರಿಗೆ ಬರೆಯಬೇಕು ಅನ್ನುವ ಬುದ್ಧಿಮಾತೂ ನನ್ನಲ್ಲಿಲ್ಲ, ಅದು ಗೊತ್ತಿದ್ದಿದ್ದರೆ ನಾವೇ ಮಾಡಿಕೊಳ್ಳುತ್ತಿದ್ದೆವು. ಒಂದೇ ಒಂದು ಕೆಲಸ ಕೇಳುತ್ತೇನೆ. ಈ ಭಾನುವಾರ ಗೋಲು ಬಿದ್ದಾಗ ನೀವು ಹೇಗೂ ಕೂಗುತ್ತೀರಿ. ಆಗ ಒಂದು ಉಸಿರಿನಷ್ಟು ಹೆಚ್ಚು ಹೊತ್ತು ಕೂಗಿ. ಪಕ್ಕದವರು ನಿಮಗೇನಾಯಿತು ಅಂತ ತಿರುಗಿ ನೋಡುತ್ತಾರೆ. ನೋಡಲಿ. ಆ ಹೆಚ್ಚಿನ ಒಂದು ಉಸಿರು ನಮ್ಮ ಪಾಲಿನದು ಅಂತ ಅವರಿಗೆ ಹೇಳಬೇಕಾಗಿಲ್ಲ.

ಇಂತಿ,
ನೀಲಗಂಗಾ ಹೊಂಬಳ